ಗೇರಿಗೆ ಸಾವು, ಬ್ರೇಕಿಗೆ ಸೂತಕ

ಕಳೆದ ವರ್ಷ ಮಳೆಗಾಲವು ಹಿಂದೆಗೆಯುತ್ತಿದ್ದ ದಿನಗಳಲ್ಲಿ, ಮನೆಯ ಮೆಟ್ಟಿಲ ಕೆಳಗೆ ಧೂಳು ಹೊದ್ದು ನಿಂತಿದ್ದ ತನ್ನ ಗೇರಿನ ಸೈಕಲ್ಲನ್ನು ಮತ್ತೆ ಬಳಕೆಗೆ ತರಬೇಕೆಂಬ ಸತ್ಸಂಕಲ್ಪವು ನನ್ನ ತಂಗಿಯ ಮಗನಿಗೆ ಹೇಗೋ ಉಂಟಾಗಿ, ಅವನು ಅದನ್ನು ತೊಳೆದು, ಚಕ್ರಗಳಿಗೆ ಗಾಳಿ ತುಂಬಿಸಿ, ಬಡಾವಣೆಯನ್ನು ಒಂದು ಸುತ್ತು ಸುತ್ತಿಬಂದವನು, ಸಪ್ಪೆಮೋರೆ ಹಾಕಿಕೊಂಡು ನನ್ನೆದುರಿಗೆ ನಿಂತನು. “ಮಾವ, ಬಲಗೈ ಗೇರು ಸತ್ತುಹೋಗಿದೆ. ಒತ್ತಿದರೆ ಬೆರಳಿಗೆ ಏನೂ ಸಿಕ್ಕುವುದೇ ಇಲ್ಲ. ಅಂಗಡಿಯಲ್ಲಿ ಕೇಳಿದೆ, ಬ್ರೇಕನ್ನೂ ಸೇರಿಸಿ ಬದಲಾಯಿಸಬೇಕಂತೆ.” ಬ್ರೇಕಿಗೆ ಏನಾಗಿದೆಯೆಂದು ಕೇಳಿದೆ. “ಬ್ರೇಕಿಗೆ ಏನೂ ಆಗಿಲ್ಲ. ಎರಡೂ ಒಂದೇ ಪೀಸಂತೆ.”

ಅಂಗಡಿಯವನ ಮೇಲೆ ಸಿಟ್ಟಾಗುವುದು ಸುಲಭವಾಗಿತ್ತು. ಆದರೆ ಹ್ಯಾಂಡಲ್ಲಿನ ಬಳಿ ಬಾಗಿ ನೋಡಿದಾಗ ಅವನು ಹೇಳಿದ್ದು ಸುಳ್ಳಲ್ಲವೆಂದು ತಿಳಿಯಿತು. ಬ್ರೇಕಿನ ಹಿಡಿ, ಗೇರನ್ನು ಏರಿಸಿ ಇಳಿಸುವ ಎರಡು ಪುಟ್ಟ ಲಿವರುಗಳು, ಯಾವ ಗೇರಿನಲ್ಲಿದ್ದೇವೆಂಬುದನ್ನು ತೋರಿಸುವ ಚಿಕ್ಕ ಕಿಟಕಿ, ಇವೆಲ್ಲವೂ ಒಂದೇ ಕವಚದೊಳಗೆ ಹುದುಗಿ, ಒಂದೇ ಪಟ್ಟಿಯಿಂದ ಹ್ಯಾಂಡಲ್ಲಿಗೆ ಬಿಗಿಯಲ್ಪಟ್ಟಿದ್ದವು. ನಾನು ಹುಡುಗನಾಗಿದ್ದಾಗ ತುಳಿದ ಸೈಕಲ್ಲಿನಲ್ಲಿ ಗೇರೆಂಬುದೇ ಇರಲಿಲ್ಲ. ಹ್ಯಾಂಡಲ್ಲಿನ ಅಡಿಯಲ್ಲಿ ಉದ್ದಕ್ಕೂ ಹಾದುಹೋಗುವ ಕಬ್ಬಿಣದ ಹಿಡಿಗಳೂ, ಅವುಗಳಿಂದ ಇಳಿದು ರಿಮ್ಮಿನ ಒಳಮೈಗೆ ರಬ್ಬರನ್ನು ಒತ್ತುವ ಕಡ್ಡಿಗಳೂ ಸೇರಿ ಬ್ರೇಕೆಂಬ ವ್ಯವಸ್ಥೆ ಪೂರ್ತಿಯಾಗುತ್ತಿತ್ತು. ಯಾವ ಕಡ್ಡಿ ಬಾಗಿದರೆ ಆ ಕಡ್ಡಿಯೊಂದನ್ನೇ ನೆಟ್ಟಗೆ ಮಾಡಿ ಹಾಕಿಕೊಡುತ್ತಿದ್ದರು. ಒಂದು ಅಂಗ ಕೆಟ್ಟರೆ ಇನ್ನೊಂದು ಆರೋಗ್ಯವಂತ ಅಂಗವನ್ನೂ ಅದರೊಡನೆ ಸಾಗಹಾಕಬೇಕೆಂಬ ನ್ಯಾಯವು ಆ ಕಾಲದ ಸೈಕಲ್ಲಿಗೆ ಅಪರಿಚಿತವಾಗಿತ್ತು. ಹಾಗಾದರೆ ಈ ಎರಡನ್ನು ಒಂದುಗೂಡಿಸಿದವರಾರು, ಏತಕ್ಕಾಗಿ, ಅದರಿಂದ ಸವಾರನಿಗೆ ಬಂದ ಲಾಭವೇನು ಎಂಬ ಪ್ರಶ್ನೆಗಳು ನನ್ನ ತಲೆಯನ್ನು ಹೊಕ್ಕವು. ಸೋದರಳಿಯನ ಸೈಕಲ್ಲು ಅಲ್ಲಿಯೇ ನಿಂತಿರಲಿ.

ಮೊದಲು ಈ ಎರಡು ಸಾಧನಗಳ ಸ್ವಭಾವವನ್ನು ಅರಿತುಕೊಳ್ಳಬೇಕು; ಏಕೆಂದರೆ ಹೊರನೋಟಕ್ಕೆ ಎರಡೂ ಬೆರಳಿನಿಂದ ಒಂದು ಉಕ್ಕಿನ ಕೇಬಲ್ಲನ್ನು ಎಳೆಯುವ ಉಪಾಯಗಳೇ ಆದರೂ, ಒಳಗೆ ಅವುಗಳ ಧರ್ಮವು ಪರಸ್ಪರ ವಿರುದ್ಧವಾದದ್ದು. ಬ್ರೇಕಿನ ಹಿಡಿಯು ಬರಿಯ ಸನ್ನೆಕೋಲು: ಕೈಯ ಬಲವು ಎಷ್ಟೋ ಅಷ್ಟನ್ನು, ಒಂದು ಗೊತ್ತಾದ ಪ್ರಮಾಣದಲ್ಲಿ ಹೆಚ್ಚಿಸಿ, ಚಕ್ರದ ಬಳಿಗೆ ಮುಟ್ಟಿಸುವುದು ಅದರ ಕೆಲಸ, ಅಲ್ಲಿ ಮೆಟ್ಟಿಲುಗಳಿಲ್ಲ, ತುಸು ಒತ್ತಿದರೆ ತುಸು, ಬಲವಾಗಿ ಒತ್ತಿದರೆ ಬಲವಾಗಿ. ಗೇರಿನ ಲಿವರಾದರೋ ಹಲ್ಲುಗಳ ಯಂತ್ರ: ಒಂದು ಚಿಕ್ಕ ಹಲ್ಲುಚಕ್ರ, ಅದರ ಹಲ್ಲಿಗೆ ಕೊಕ್ಕೆಯಂತೆ ಬಂದು ಕೂರುವ ಒಂದೆರಡು ನಾಲಗೆಗಳು, ಆ ನಾಲಗೆಗಳನ್ನು ಒತ್ತಿಹಿಡಿಯುವ ಕೂದಲೆಳೆಯಂಥ ಸ್ಪ್ರಿಂಗುಗಳು, ಒಂದು ಸಲ ಒತ್ತಿದರೆ ಕೇಬಲ್ಲು ಕೆಲವೇ ಮಿಲಿಮೀಟರಿನಷ್ಟು, ಒಂದೇ ಅಳತೆಯಲ್ಲಿ, ಸರಿದು ನಿಲ್ಲಬೇಕು, ಕೂದಲಿನಷ್ಟು ಹೆಚ್ಚುಕಡಮೆಯಾದರೂ ಸರಪಳಿ ಎರಡು ಚಕ್ರಗಳ ನಡುವೆ ಕರಕರನೆ ಅಳುತ್ತದೆ. ಬ್ರೇಕು ‘ಎಷ್ಟು’ ಎಂಬ ಪ್ರಶ್ನೆಗೆ ಉತ್ತರ. ಗೇರು ‘ಯಾವುದು’ ಎಂಬ ಪ್ರಶ್ನೆಗೆ ಉತ್ತರ. ಒಂದು ದಪ್ಪ ಚರ್ಮದ ದೀರ್ಘಾಯುಷಿ, ಇನ್ನೊಂದು ಗಡಿಯಾರದ ಜಾತಿಯ ಸೂಕ್ಷ್ಮ ಪ್ರಾಣಿ. ಆಯುಸ್ಸಿನ ಈ ಅಂತರವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಕಥೆಯೆಲ್ಲ ಅದರ ಮೇಲೆಯೇ ನಿಂತಿದೆ.

ಸೋದರಳಿಯನದು ಬೆಟ್ಟದ ಸೈಕಲ್ಲಿನ, ಅಂದರೆ ಮೌಂಟನ್ ಬೈಕಿನ, ಜಾತಿಯದು. ಈ ಬೆಟ್ಟದ ಸೈಕಲ್ಲು ಹುಟ್ಟಿದಾಗ ಇವೆರಡೂ ಪ್ರತ್ಯೇಕವಾಗಿದ್ದುದು ಮಾತ್ರವಲ್ಲ, ಪ್ರತ್ಯೇಕ ಕುಲಗಳಿಂದ ಬಂದಿದ್ದುವು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ನಗರದ ಉತ್ತರಕ್ಕೆ, ಮರಿನ್ ಎಂಬ ಜಿಲ್ಲೆಯ ಗುಡ್ಡಗಳಲ್ಲಿ ಕೆಲವು ತರುಣರು ಹಳೆಯ ಕಾಲದ ದಪ್ಪ ಚಕ್ರದ ಸೈಕಲ್ಲುಗಳನ್ನು ಗುಜರಿಯಿಂದ ಎತ್ತಿತಂದು, ಮಣ್ಣುದಾರಿಯಲ್ಲಿ ಮೇಲಿನಿಂದ ಕೆಳಕ್ಕೆ ಧುಮ್ಮಿಕ್ಕುವುದನ್ನು ಒಂದು ವಿನೋದವನ್ನಾಗಿ ಮಾಡಿಕೊಂಡಿದ್ದರು. 1976ರ ಅಕ್ಟೋಬರ್ 21ರಂದು ಅವರು ನಡೆಸಿದ ಮೊದಲ ಪಂದ್ಯಕ್ಕೆ ‘ರೀಪ್ಯಾಕ್’ ಎಂಬ ಹೆಸರು ನಿಂತಿತು. ಆ ಹೆಸರಿನ ಕಾರಣ ರಸವತ್ತಾಗಿದೆ: ಆ ಸೈಕಲ್ಲುಗಳಿಗಿದ್ದ ಬ್ರೇಕು ಹಿಂದಿನ ಚಕ್ರದ ಗುಂಬದೊಳಗೆ ಅಡಗಿದ್ದು, ಪೆಡಲನ್ನು ಹಿಮ್ಮುಖವಾಗಿ ತುಳಿದಾಗ ಹಿಡಿಯತಕ್ಕದ್ದು, ಸುಮಾರು 2 ಮೈಲಿ ದೂರದಲ್ಲಿ 1,300 ಅಡಿಗಳಷ್ಟು ಇಳಿಯುವ ಆ ದಾರಿಯಲ್ಲಿ ಗುಂಬವು ಕಾಯ್ದು, ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತಾಗಿ, ಒಂದು ಇಳಿತ ಮುಗಿದೊಡನೆ ಗುಂಬವನ್ನು ಬಿಚ್ಚಿ ಗ್ರೀಸನ್ನು ಮರಳಿ ತುಂಬಲೇಬೇಕಾಗುತ್ತಿತ್ತು, ಈ ಮರುತುಂಬುವಿಕೆಯೇ ಪಂದ್ಯದ ನಾಮಧೇಯವಾಯಿತು. ಗ್ರೀಸಿನ ವಿಷಯ ಇಲ್ಲಿಗೆ ಮುಗಿಯುವುದಿಲ್ಲ.

ಈ ಗುಂಪಿನಲ್ಲಿದ್ದ ಗ್ಯಾರಿ ಫಿಶರ್, ಜೋ ಬ್ರೀಜ್ ಮುಂತಾದವರು ಮುಂದೆ ಗುಡ್ಡವನ್ನು ಇಳಿಯುವುದಷ್ಟೇ ಅಲ್ಲದೆ ತುಳಿದು ಹತ್ತುವುದಕ್ಕೂ ಬರುವಂತೆ ಸೈಕಲ್ಲಿಗೆ ಹಲವು ಗೇರುಗಳನ್ನು ಜೋಡಿಸಿದರು, ಕೈಬ್ರೇಕುಗಳನ್ನು ಜೋಡಿಸಿದರು. ಬ್ರೇಕಿನ ಹಿಡಿಗಳು ಮೋಟಾರುಸೈಕಲ್ಲಿನವು, ಉದ್ದವಾದವು, ನಾಲ್ಕು ಬೆರಳುಗಳಿಂದ ಅಪ್ಪಿ ಹಿಡಿಯುವಂಥವು. ಗೇರಿನ ಲಿವರು ಹ್ಯಾಂಡಲ್ಲಿನ ಮೇಲುಭಾಗದಲ್ಲಿ ಕುಳಿತು ಹೆಬ್ಬೆರಳಿನಿಂದ ಹಿಂದೆ ಮುಂದೆ ನೂಕಿಸಿಕೊಳ್ಳುವ ಒಂದು ತುಂಡು ಲೋಹ. ಈ ಹೆಬ್ಬೆರಳಿನ ಲಿವರು ಪ್ರಪಂಚದ ಅತ್ಯಂತ ವಿನಯಶೀಲ ಯಂತ್ರಗಳಲ್ಲೊಂದೆಂದು ನನ್ನ ಭಾವನೆ. ಮುಂದೆ ಅದಕ್ಕೂ ಟಿಕ್‌ಟಿಕ್ಕೆಂಬ ಮೆಟ್ಟಿಲುಗಳು ಬಂದ ಮೇಲೆ ಕೂಡ, ಅದರ ನಡುವೆ ಒಂದು ಚಿಕ್ಕ ತಿರುಪು ಇರುತ್ತಿತ್ತು. ಮೆಟ್ಟಿಲುಗಳ ಅಳತೆ ತಪ್ಪಿದ ದಿನ ಆ ತಿರುಪನ್ನು ತಿರುಗಿಸಿಬಿಟ್ಟರೆ ಲಿವರು ಮತ್ತೆ ಹಳೆಯ ಕಾಲದ ಮೆಟ್ಟಿಲಿಲ್ಲದ ಲಿವರಾಗಿ, ಕಿವಿಯ ಅಂದಾಜಿನಿಂದ ಗೇರು ಹಾಕಿಕೊಂಡು ಮನೆ ಸೇರಬಹುದಾಗಿತ್ತು. ಕೆಟ್ಟಾಗ ಹೇಗೆ ಕೆಡಬೇಕೆಂಬುದನ್ನು ಮೊದಲೇ ಯೋಚಿಸಿಟ್ಟ ಯಂತ್ರಗಳು ವಿರಳ.

ಒಂದುಗೂಡಿಸುವ ಆಲೋಚನೆ ಬಂದದ್ದು ಜಪಾನಿನಿಂದ. ಒಸಾಕದ ಪಕ್ಕದ ಸಾಕಾಯ್ ಪಟ್ಟಣವು ಹಿಂದಿನಿಂದಲೂ ಕತ್ತಿ, ಚೂರಿ, ಬಂದೂಕುಗಳ ಕಮ್ಮಾರಿಕೆಗೆ ಹೆಸರಾದುದು. ಅಲ್ಲಿ 1921ರಲ್ಲಿ ಶೋಜಾಬುರೋ ಶಿಮಾನೊ ಎಂಬಾತನು ಆರಂಭಿಸಿದ ಕಾರ್ಖಾನೆ ಮೊದಲು ತಯಾರಿಸಿದ್ದು ಸೈಕಲ್ಲಿನ ಫ್ರೀವೀಲನ್ನು. ಸೈಕಲ್ಲಿನ ಚಾಲನಾಂಗಗಳನ್ನು ಬಿಡಿಬಿಡಿಯಾಗಿ ಅಲ್ಲದೆ ಒಂದು ಕುಟುಂಬವಾಗಿ ರೂಪಿಸಬೇಕು, ಲಿವರು ಸರಿಯುವ ದೂರಕ್ಕೂ, ಸರಪಳಿಯನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರು ಸರಿಯುವ ದೂರಕ್ಕೂ ಹಲ್ಲುಚಕ್ರಗಳ ನಡುವಣ ಅಂತರಕ್ಕೂ ಮೇಳವಿರಬೇಕು ಎಂಬ ವಿಚಾರವನ್ನು ಆ ಸಂಸ್ಥೆಯು 1984ರ ಸುಮಾರಿಗೆ ರಸ್ತೆಪಂದ್ಯದ ಸೈಕಲ್ಲುಗಳಲ್ಲಿ ಸಾಧಿಸಿ ತೋರಿಸಿತು. ಟಿಕ್ಕೆಂದರೆ ಒಂದು ಗೇರು ಎಂಬ ಖಚಿತತೆ ಅಂದಿನಿಂದ ಬಂದದ್ದು. ಅದಾದ ಕೆಲವೇ ವರ್ಷಗಳಲ್ಲಿ, 1990ರಲ್ಲಿ, ರಸ್ತೆಯ ಸೈಕಲ್ಲುಗಳಿಗಾಗಿ ಬ್ರೇಕಿನ ಹಿಡಿಯನ್ನೇ ಪಕ್ಕಕ್ಕೆ ತಳ್ಳಿದರೆ ಗೇರು ಬದಲಾಗುವ ಲಿವರು ಹೊರಬಂದಿತು. ಎರಡು ವರ್ಷಗಳ ತರುವಾಯ ಇಟಲಿಯ ಕಂಪಾನ್ಯೊಲೊ ಸಂಸ್ಥೆಯೂ ತನ್ನದೇ ರೀತಿಯಲ್ಲಿ ಅದನ್ನೇ ಮಾಡಿತು. ಇಂದು ಬಾಗಿದ ಹ್ಯಾಂಡಲ್ಲಿನ ರಸ್ತೆಸೈಕಲ್ಲುಗಳಲ್ಲಿ ಬ್ರೇಕು ಗೇರುಗಳು ಕೂಡಿಯೇ ಇರುವುದು ಸಾಮಾನ್ಯ ನಿಯಮವಾಗಿದೆ.

ರಸ್ತೆಯಲ್ಲಿ ಇಷ್ಟು ಸಂಪೂರ್ಣವಾಗಿ ಗೆದ್ದ ವಿಚಾರವು ಬೆಟ್ಟದಲ್ಲಿ ಏಕೆ ಸೋತಿತೆಂಬುದೇ ಈ ವಿಷಯದ ತಿರುಳು. ರಸ್ತೆಸೈಕಲ್ಲಿನಲ್ಲಿ ಅದಕ್ಕೆ ಮೊದಲು ಗೇರಿನ ಲಿವರುಗಳಿದ್ದದ್ದು ಹ್ಯಾಂಡಲ್ಲಿನ ಮೇಲಲ್ಲ, ಚೌಕಟ್ಟಿನ ಕೆಳದಂಡದ ಮೇಲೆ, ಸವಾರನ ಮೊಣಕಾಲುಗಳ ಬಳಿ. ಗೇರು ಬದಲಿಸಬೇಕಾದರೆ ಹ್ಯಾಂಡಲ್ಲಿನಿಂದ ಒಂದು ಕೈಯನ್ನು ತೆಗೆದು ಕೆಳಕ್ಕೆ ಚಾಚಬೇಕು; ಕುಳಿತೇ ಇರಬೇಕು; ನೂರು ಜನರ ಗುಂಪಿನಲ್ಲಿ ಒಂದು ಕೈಯಿಂದ ಸೈಕಲ್ಲನ್ನು ನಡೆಸಬೇಕು. ಅಂಥವನಿಗೆ ಗೇರನ್ನು ಬೆರಳ ತುದಿಗೆ ತಂದುಕೊಟ್ಟದ್ದು ಒಂದು ದೊಡ್ಡ ಉಪಕಾರ. ಆ ಉಪಕಾರದ ಎದುರಿಗೆ ಬೆಲೆ, ತೂಕ, ದುರಸ್ತಿಯ ತೊಡಕು ಇವೆಲ್ಲ ಅಲ್ಪವಾಗಿ ಕಂಡವು. ಬೆಟ್ಟದ ಸವಾರನಿಗಾದರೋ ಗೇರು ಹುಟ್ಟಿನಿಂದಲೇ ಹೆಬ್ಬೆರಳಿನ ಕೆಳಗೆ ಇತ್ತು. ಅವನ ಹೆಬ್ಬೆರಳಿಗೆ ಹ್ಯಾಂಡಲ್ಲನ್ನು ಸುತ್ತಿಹಿಡಿಯುವುದರ ಹೊರತು ಬೇರೆ ಕೆಲಸವಿಲ್ಲ. ತೋರುಬೆರಳು ಬ್ರೇಕನ್ನು ನೋಡಿಕೊಳ್ಳುತ್ತದೆ. ಉಳಿದ ಮೂರು ಹಿಡಿತವನ್ನು ಕಾಯುತ್ತವೆ. ಪ್ರಕೃತಿಯೇ ಹೀಗೆ ಶ್ರಮವಿಭಾಗ ಮಾಡಿಕೊಟ್ಟ ಕೈಗೆ, ನಿನ್ನ ಗೇರನ್ನು ಬೆರಳ ಬಳಿಗೆ ತಂದಿದ್ದೇನೆ ಎಂದು ಹೇಳುವುದು, ಬಾವಿಯ ಕಟ್ಟೆಯ ಮೇಲೆ ಕುಳಿತವನಿಗೆ ಬಿಂದಿಗೆ ನೀರು ಹೊತ್ತು ತಂದುಕೊಟ್ಟಂತೆ. ನೀರು ಬೇಡವೆಂದಲ್ಲ, ಕೂಲಿ ಕೊಡಲು ಮನಸ್ಸು ಬಾರದು.

ಆದರೂ ಕೂಡಿಸಿದರು. ಬೆಟ್ಟದ ಸೈಕಲ್ಲಿನಲ್ಲಿ ಈ ಕೂಡಿಕೆ ಎರಡು ಸಲ, ಎರಡು ಬೇರೆ ರೂಪಗಳಲ್ಲಿ ನಡೆಯಿತೆಂಬುದನ್ನು ಬೇರ್ಪಡಿಸಿ ನೋಡಬೇಕು. ಮೊದಲನೆಯದು ನನ್ನ ಸೋದರಳಿಯನ ಸೈಕಲ್ಲಿನಲ್ಲಿರುವ ಬಗೆ: ಬ್ರೇಕಿನ ಹಿಡಿಯೇ ಬೇರೆ, ಗೇರಿನ ಗುಂಡಿಗಳೇ ಬೇರೆ, ಆದರೆ ಇಬ್ಬರಿಗೂ ಮನೆ ಒಂದೇ. 1990ರ ಆಸುಪಾಸಿನಲ್ಲಿ ಶಿಮಾನೊ ಸಂಸ್ಥೆಯ ಡಿಯೋರ್ ಎಕ್ಸ್‌ಟಿ ಶ್ರೇಣಿಯಲ್ಲಿ ಬಂದ ‘ರ‍್ಯಾಪಿಡ್‌ಫೈರ್’ ಈ ಜಾತಿಯದು. ಅದರ ಮೊದಲ ಅವತಾರದಲ್ಲಿ ಎರಡು ಗುಂಡಿಗಳನ್ನೂ ಹೆಬ್ಬೆರಳೊಂದೇ ಒತ್ತಬೇಕಾಗಿದ್ದು, ಯಾವುದು ಏರಿಕೆ ಯಾವುದು ಇಳಿಕೆಯೆಂದು ತಡಕಾಡಿ ಸವಾರರು ಬೇಸತ್ತರು. ಕೆಲವೇ ವರ್ಷಗಳಲ್ಲಿ ಒಂದನ್ನು ಹೆಬ್ಬೆರಳಿಗೆ, ಇನ್ನೊಂದನ್ನು ತೋರುಬೆರಳಿಗೆ ಹಂಚಿದ ಮೇಲೆ ಅದು ಜನಪ್ರಿಯವಾಗಿ, ಇಂದಿಗೂ ಬಾಳುತ್ತಿದೆ.

ಒಂದೇ ಕವಚದ ಈ ಏರ್ಪಾಡಿನಿಂದ ಕಾರ್ಖಾನೆಗೆ ಆದ ಅನುಕೂಲವನ್ನು ಯಾರೂ ಅಲ್ಲಗಳೆಯಲಾರರು. ಜೋಡಣೆಯ ಸಾಲಿನಲ್ಲಿ ನಿಂತ ಕೆಲಸಗಾರನು ಎರಡು ಪಟ್ಟಿಗಳ ಬದಲು ಒಂದನ್ನು ಬಿಗಿಯುತ್ತಾನೆ. ಹ್ಯಾಂಡಲ್ಲು ಚೊಕ್ಕಟವಾಗಿ ಕಾಣುತ್ತದೆ. ಒಂದು ಪಟ್ಟಿಯ ತೂಕವೂ ಉಳಿಯುತ್ತದೆ. ಇವೆಲ್ಲಕ್ಕಿಂತ ಮಿಗಿಲಾದ ಇನ್ನೊಂದು ಅನುಕೂಲವಿತ್ತು: ಬ್ರೇಕಿನ ಹಿಡಿಯನ್ನು ಕೊಂಡವನು ಗೇರನ್ನೂ ಅದೇ ಮನೆಯಿಂದ ಕೊಂಡಹಾಗಾಯಿತು. ಆ ದಿನಗಳಲ್ಲಿ ಷಿಕಾಗೋ ನಗರದ ಸ್ರ್ಯಾಮ್ ಎಂಬ ಹೊಸ ಕಂಪನಿಯು, ಹ್ಯಾಂಡಲ್ಲಿನ ಹಿಡಿಯನ್ನೇ ತಿರುಚಿ ಗೇರು ಬದಲಿಸುವ ‘ಗ್ರಿಪ್ ಶಿಫ್ಟ್’ ಎಂಬ ಸಾಧನವನ್ನು ಮಾರಲು ಹೊರಟಿತ್ತು. ಎಲ್ಲ ಭಾಗಗಳನ್ನೂ ತನ್ನಿಂದಲೇ ಕೊಳ್ಳುವ ಸೈಕಲ್ಲು ತಯಾರಕರಿಗೆ ಶಿಮಾನೊ ನೂರಕ್ಕೆ 10ರಷ್ಟು ರಿಯಾಯಿತಿ ಕೊಡುತ್ತದೆಂದೂ, ಇದು ನ್ಯಾಯವಾದ ವ್ಯಾಪಾರವಲ್ಲವೆಂದೂ ಆಕ್ಷೇಪಿಸಿ ಸ್ರ್ಯಾಮ್ 1990ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ಮರುವರ್ಷ ವ್ಯಾಜ್ಯವು ಹೊರಗೇ ರಾಜಿಯಾಯಿತು. ಬ್ರೇಕೂ ಗೇರೂ ಬೇರೆ ಬೇರೆಯಾಗಿರುವುದು ಕೇವಲ ಸವಾರನ ಅನುಕೂಲದ ಮಾತಲ್ಲ, ಪೇಟೆಯಲ್ಲಿ ಇನ್ನೊಬ್ಬ ವರ್ತಕನಿಗೆ ಕಾಲೂರಲು ಎಡೆಯಿದೆಯೇ ಇಲ್ಲವೇ ಎಂಬ ಮಾತೂ ಆಗಿತ್ತು.

ಸವಾರನ ತೊಂದರೆ ನಿಧಾನವಾಗಿ ಬಂದಿತು. 1996ರಲ್ಲಿ ಶಿಮಾನೊ ಸಂಸ್ಥೆಯೇ ವಿ-ಬ್ರೇಕನ್ನು ಹೊರತಂದಾಗ ಅದರ ಹಿಡಿತವನ್ನು ಕಂಡು ಬೆಟ್ಟದ ಸವಾರರೆಲ್ಲ ಮಾರುಹೋದರು. ಈ ಹೊಸ ಬ್ರೇಕಿನ ಉದ್ದನೆಯ ತೋಳುಗಳು ಹಳೆಯ ಕ್ಯಾಂಟಿಲಿವರ್ ಬ್ರೇಕಿಗಿಂತ ಸುಮಾರು ಎರಡರಷ್ಟು ಉದ್ದದ ಕೇಬಲ್ಲನ್ನು ಎಳೆಯಬೇಕೆಂದು ಕೇಳುತ್ತವೆ. ಹಳೆಯ ಹಿಡಿಯಿಂದ ಎಳೆದರೆ ರಬ್ಬರು ರಿಮ್ಮಿನ ಮೇಲೆ ಗಟ್ಟಿಯಾಗಿ ಕೂರುವುದಕ್ಕೆ ಮುನ್ನವೇ ಹಿಡಿಯು ಹ್ಯಾಂಡಲ್ಲನ್ನು ಬಂದು ಮುಟ್ಟಬಹುದು. ಆದುದರಿಂದ ಹಿಡಿಯನ್ನೂ ಬದಲಿಸಬೇಕು. ಬಿಡಿ ಹಿಡಿಗಳಿದ್ದವನು ಹಾಗೆಯೇ ಮಾಡಿ ಹಾಯಾಗಿದ್ದನು. ಜೋಡಿಹಿಡಿಯಿದ್ದವನು ಮಾತ್ರ, ಚೆನ್ನಾಗಿಯೇ ನಡೆಯುತ್ತಿದ್ದ ಗೇರಿನ ಯಂತ್ರವನ್ನು ಬ್ರೇಕಿನ ತಪ್ಪಿಗಾಗಿ ಕಿತ್ತೆಸೆಯಬೇಕಾಯಿತು. ಇನ್ನೊಂದು ಕಡೆಯಿಂದಲೂ ಇದೇ ಕಥೆ. ಹಿಂದಿನ ಚಕ್ರದ ಹಲ್ಲುಚಕ್ರಗಳು 7 ಇದ್ದದ್ದು 8 ಆಯಿತು, 1999ರ ಹೊತ್ತಿಗೆ 9, ಮುಂದೆ 10, 11, 12; ಪ್ರತಿಯೊಂದು ಸಲವೂ ಗೇರಿನ ಯಂತ್ರ ಹೊಸದಾಗಬೇಕು, ಅದರೊಡನೆ ಏನೂ ತಪ್ಪು ಮಾಡದ ಬ್ರೇಕಿನ ಹಿಡಿಯೂ ಹೊರಟುಹೋಗಬೇಕು. ಮೇಲೆ ನಾನು ಆಯುಸ್ಸಿನ ಅಂತರವೆಂದದ್ದು ಇದನ್ನೇ: ಒಂದು ಕಾಲಮಾನದ ವಸ್ತುವಿಗೆ ಇನ್ನೊಂದು ಕಾಲಮಾನದ ವಸ್ತುವನ್ನು ಕಟ್ಟಿಹಾಕಿದರೆ ಇಬ್ಬರೂ ಅಲ್ಪಾಯುಷಿಯ ಆಯುಸ್ಸನ್ನೇ ಬಾಳಬೇಕಾಗುತ್ತದೆ.

ಎರಡನೆಯ ಕೂಡಿಕೆ ಇದಕ್ಕಿಂತ ಧೀರವಾದದ್ದು, ಒಪ್ಪಿಕೊಳ್ಳಬೇಕು, ಇದಕ್ಕಿಂತ ಸೊಗಸಾದದ್ದು ಕೂಡ. 2003ರ ಎಕ್ಸ್‌ಟಿಆರ್ ಶ್ರೇಣಿಯಲ್ಲಿ ಶಿಮಾನೊ ‘ಡ್ಯುಯಲ್ ಕಂಟ್ರೋಲ್’ ಎಂಬ ಲಿವರನ್ನು ತಂದಿತು. ಇದರಲ್ಲಿ ಮನೆ ಮಾತ್ರವಲ್ಲ, ಹಿಡಿಯೂ ಒಂದೇ. ತನ್ನ ಕಡೆಗೆ ಎಳೆದುಕೊಂಡರೆ ಬ್ರೇಕು. ಅದೇ ಹಿಡಿಯನ್ನು ಬೆರಳಿನಿಂದ ಕೆಳಕ್ಕೆ ತಳ್ಳಿದರೆ ಒಂದು ಗೇರು, ಬೆರಳಿನ ಬೆನ್ನಿನಿಂದ ಮೇಲಕ್ಕೆ ಚಿಮ್ಮಿದರೆ ಇನ್ನೊಂದು. ಅದರ ಸಂಗಡ ಹಿಂದಿನ ಡಿರೇಲರಿನ ಸ್ಪ್ರಿಂಗನ್ನೂ ತಲೆಕೆಳಗು ಮಾಡಿದರು. ಸಾಮಾನ್ಯವಾಗಿ ಕೇಬಲ್ಲು ಸಡಿಲವಾದೊಡನೆ ಸ್ಪ್ರಿಂಗು ಸರಪಳಿಯನ್ನು ಚಿಕ್ಕ ಹಲ್ಲುಚಕ್ರದ ಕಡೆಗೆ, ಅಂದರೆ ಭಾರವಾದ ಗೇರಿಗೆ, ಎಳೆಯುತ್ತದೆ. ಇಲ್ಲಿ ದೊಡ್ಡ ಚಕ್ರದ ಕಡೆಗೆ, ಹಗುರವಾದ ಗೇರಿಗೆ, ಎಳೆಯುವಂತೆ ಮಾಡಿದರು. ಇದರಿಂದ ಎಡಗೈಗೂ ಬಲಗೈಗೂ ಒಂದೇ ಶಾಸ್ತ್ರವಾಯಿತು: ಹಿಡಿಯನ್ನು ಕೆಳಕ್ಕೊತ್ತಿದರೆ ತುಳಿತ ಭಾರ, ಮೇಲಕ್ಕೆತ್ತಿದರೆ ಹಗುರ. ಮೊದಲಿನ ಪದ್ಧತಿಯಲ್ಲಿ ಎಡಗೈಯಲ್ಲಿ ಭಾರ ಮಾಡುವ ಚಲನೆಯೇ ಬಲಗೈಯಲ್ಲಿ ಹಗುರ ಮಾಡುವಂಥದ್ದಾಗಿ, ಕಲಿಯುವವರನ್ನು ಕಂಗೆಡಿಸುತ್ತಿದ್ದುದನ್ನು ನೆನೆದರೆ, ಈ ಸರಳತೆಯ ಹಿಂದಿರುವ ಬುದ್ಧಿಯನ್ನು ಮೆಚ್ಚದಿರಲಾಗದು.

ಡ್ಯುಯಲ್ ಕಂಟ್ರೋಲನ್ನು ಪ್ರೀತಿಸಿದವರು ಇದ್ದರು, ಈಗಲೂ ಹಳೆಯದನ್ನು ಹುಡುಕಿ ತಂದು ಕಾಪಾಡಿಕೊಳ್ಳುವವರಿದ್ದಾರೆ; ಅವರ ವಾದವನ್ನು ಹಗುರವಾಗಿ ತಳ್ಳಿಹಾಕಬಾರದು. ಹೆಬ್ಬೆರಳು ಎಂದೂ ಹ್ಯಾಂಡಲ್ಲನ್ನು ಬಿಡಬೇಕಾಗಿಲ್ಲವಾದುದರಿಂದ ಕಲ್ಲುಬಂಡೆಗಳ ನಡುವೆ ಹಿಡಿತ ತಪ್ಪುವುದಿಲ್ಲ. ಇಳಿಜಾರಿನ ಕೊನೆಯಲ್ಲಿ ಥಟ್ಟನೆ ತಿರುವು, ತಿರುವಿನಾಚೆ ಏರು. ಅಲ್ಲಿ ಬ್ರೇಕು ಹಿಡಿಯುವುದೂ ಗೇರು ಇಳಿಸುವುದೂ ಏಕಕಾಲದಲ್ಲಿ ಆಗಬೇಕು. ಬ್ರೇಕಿನ ಮೇಲಿರುವ ಬೆರಳೇ ಗೇರನ್ನೂ ಬದಲಿಸಬಲ್ಲುದಾದರೆ ಕ್ಷಣಕಾಲ ಉಳಿಯುತ್ತದೆ. ಹೆಬ್ಬೆರಳ ಬುಡದ ಸಂಧಿವಾತದಿಂದ ನರಳುವವರಿಗೆ, ದಿನಕ್ಕೆ ನೂರಾರು ಸಲ ಹೆಬ್ಬೆರಳಿನಿಂದ ಒತ್ತುವ ಕಷ್ಟ ತಪ್ಪುವುದೇ ಒಂದು ವರ. ನನ್ನ ವಯಸ್ಸಿನವರು ಈ ಕೊನೆಯ ಗುಣವನ್ನು ಮೊದಲಿಗೆ ಎಣಿಸಿದರೆ ಓದುಗರು ನಗಬಾರದು.

ದೋಷಗಳು ಆ ಗುಣಗಳ ಹೊಟ್ಟೆಯಲ್ಲೇ ಹುಟ್ಟಿದಂಥವು. ಬ್ರೇಕಿನ ಹಿಡಿಯೆಂಬುದು ಭಯದ ಗಳಿಗೆಯಲ್ಲಿ ಮನುಷ್ಯನು ಯೋಚಿಸದೆ ಹಿಡಿಯುವ ವಸ್ತು. ಅದು ಎಳೆದ ದಿಕ್ಕಿಗಲ್ಲದೆ ಬೇರೆ ದಿಕ್ಕಿಗೆ ಅಲುಗಬಾರದು, ಕಂಬದಂತೆ ನಿಲ್ಲಬೇಕು. ಮೇಲಕ್ಕೂ ಕೆಳಕ್ಕೂ ಆಡಲೇಬೇಕೆಂದು ರಚಿತವಾದ ಹಿಡಿಯಲ್ಲಿ ಆ ಸ್ಥೈರ್ಯದ ಭಾವನೆ ಕಡಮೆಯಾಗುತ್ತದೆ. ಬೆಟ್ಟದ ದಾರಿಯಲ್ಲಿ ಸೈಕಲ್ಲು ಕ್ಷಣಕ್ಷಣಕ್ಕೂ ಕುಲುಕುತ್ತದೆ. ಕೈಯೂ ಹ್ಯಾಂಡಲ್ಲೂ ಒಂದೇ ತಾಳದಲ್ಲಿ ಕುಲುಕುವುದಿಲ್ಲ. ಸೈಕಲ್ಲು ಒಂದು ಹಳ್ಳದಲ್ಲಿ ಇಳಿದೆದ್ದಾಗ ಬ್ರೇಕಿನ ಮೇಲಿಟ್ಟ ಬೆರಳು ಹಿಡಿಯನ್ನೂ ಎತ್ತಿಬಿಟ್ಟು, ಕೇಳದ ಗೇರು ಬಂದು ಕುಳಿತಿತೆಂಬುದು ಆ ಕಾಲದ ಸವಾರರ ಸಾಮಾನ್ಯ ದೂರು. ನಯವಾದ ಡಾಂಬರಿನ ಮೇಲೆ ಈ ತೊಂದರೆ ಕಾಣದಿರುವುದರಿಂದಲೇ ರಸ್ತೆಯಲ್ಲಿ ಒಗ್ಗಿದ ಉಪಾಯವು ಕಾಡಿನಲ್ಲಿ ಒಗ್ಗಲಿಲ್ಲ. ಇನ್ನು ಬೀಳುವುದರ ಮಾತು. ಬೆಟ್ಟದ ಸವಾರನು ಬೀಳುತ್ತಾನೆ; ಬೀಳುವುದು ಅವನ ಕಸುಬಿನ ಅಂಗ. ಅದಕ್ಕಾಗಿಯೇ ಅನುಭವಿಗಳು ಹಿಡಿಯ ಪಟ್ಟಿಯನ್ನು ಪೂರ್ತಿ ಬಿಗಿಯದೆ, ನೆಲಕ್ಕೆ ಬಡಿದಾಗ ಮುರಿಯುವ ಬದಲು ತಿರುಗಿಕೊಳ್ಳಲೆಂದು ತುಸು ಸಡಿಲ ಬಿಟ್ಟಿರುತ್ತಾರೆ. ಬಿಡಿ ಬ್ರೇಕಿನ ಹಿಡಿ ಬಾಗಿದರೆ ಕಲ್ಲಿನಿಂದ ಕುಟ್ಟಿ ಸರಿಮಾಡಿಕೊಂಡು ಮನೆಗೆ ಬರಬಹುದು. ಹಿಡಿಯೇ ಗೇರೂ ಆಗಿದ್ದಲ್ಲಿ ಕುಟ್ಟುವ ಧೈರ್ಯ ಯಾರಿಗಿದೆ?

ಇನ್ನೊಂದು ತೊಡಕು ಅದೇ ಕಾಲದಲ್ಲಿ ದೊಡ್ಡದಾಯಿತು. ಎಣ್ಣೆಯ ಒತ್ತಡದಿಂದ ನಡೆಯುವ ಡಿಸ್ಕ್ ಬ್ರೇಕುಗಳು ಬೆಟ್ಟದ ಸೈಕಲ್ಲಿಗೆ ಬರುತ್ತಿದ್ದ ವರ್ಷಗಳು ಅವು. ಹೇಯ್ಸ್, ಮಗುರಾ, ಏವಿಡ್ ಹೀಗೆ ಹಲವರು ತಯಾರಿಸುತ್ತಿದ್ದರು, ಒಬ್ಬೊಬ್ಬ ಸವಾರನಿಗೆ ಒಂದೊಂದರ ಮೇಲೆ ಭಕ್ತಿ. ಎಣ್ಣೆಯ ಬ್ರೇಕಿನಲ್ಲಿ ಹಿಡಿಯೇ ಪಂಪು. ಚಕ್ರದ ಬಳಿಯ ಭಾಗಕ್ಕೂ ಅದಕ್ಕೂ ಅಳತೆ ಕೂಡಿರಬೇಕು. ಹೀಗಿರಲು ಎಣ್ಣೆಬ್ರೇಕಿನ ಡ್ಯುಯಲ್ ಕಂಟ್ರೋಲನ್ನು ಆರಿಸಿಕೊಂಡವನು ಬ್ರೇಕಿನ ವಿಷಯದಲ್ಲಿ ತನ್ನ ಇಷ್ಟದೇವತೆಯನ್ನು ಬಿಡಬೇಕಾಗುತ್ತಿತ್ತು. ಗೇರನ್ನು ಮೆಚ್ಚಿದವರೂ ಈ ಷರತ್ತಿಗೆ ಒಪ್ಪಲಿಲ್ಲ. 2007ರ ಎಕ್ಸ್‌ಟಿಆರ್ ಶ್ರೇಣಿಯಲ್ಲಿ ಕೂಡಿದ್ದನ್ನೂ ಬಿಡಿಯಾದದ್ದನ್ನೂ ಪಕ್ಕಪಕ್ಕದಲ್ಲಿಟ್ಟು ಬೇಕಾದುದನ್ನು ಆರಿಸಿಕೊಳ್ಳಿರೆಂದರು. 2011ರ ಶ್ರೇಣಿಯ ವೇಳೆಗೆ ಕೂಡಿದ್ದು ಕಣ್ಮರೆಯಾಗಿತ್ತು.

ಅಂತಿಮವಾಗಿ ಉಳಿದದ್ದು, ಅಣ್ಣತಮ್ಮಂದಿರು ಒಲೆ ಬೇರೆ ಮಾಡಿಕೊಂಡು ಸೂರು ಮಾತ್ರ ಒಂದನ್ನೇ ಉಳಿಸಿಕೊಂಡಂಥ ಏರ್ಪಾಡು. ಬ್ರೇಕೂ ಗೇರೂ ಬಿಡಿ. ಆದರೆ ಗೇರಿನ ಲಿವರಿಗೆ ಸ್ವಂತ ಪಟ್ಟಿಯಿಲ್ಲದೆ, ಅದು ಬ್ರೇಕಿನ ಪಟ್ಟಿಗೇ ತಿರುಪಿನಿಂದ ಅಂಟಿಕೊಳ್ಳುತ್ತದೆ. ಸ್ರ್ಯಾಮಿನವರು ಅದನ್ನು ‘ಮ್ಯಾಚ್‌ಮೇಕರ್’ ಎಂದರು, ಶಿಮಾನೊದವರು ‘ಐ-ಸ್ಪೆಕ್’ ಎಂದರು. ಹ್ಯಾಂಡಲ್ಲು ಚೊಕ್ಕಟ, ಕೆಟ್ಟದ್ದನ್ನು ಮಾತ್ರ ಬದಲಿಸಬಹುದು. ಗೇರಿನ ಲಿವರನ್ನು ಆಚೆಗೋ ಈಚೆಗೋ ಸ್ವಲ್ಪ ಸರಿಸಿ ತನ್ನ ಹೆಬ್ಬೆರಳಿಗೆ ಎಟುಕುವಂತೆ ಇಟ್ಟುಕೊಳ್ಳಲೂಬಹುದು. ಈ ಕೊನೆಯದು ಸಣ್ಣ ಸಂಗತಿಯಲ್ಲ: ತೋರುಬೆರಳೊಂದರಿಂದಲೇ ಬ್ರೇಕು ಹಿಡಿಯಲು ಕಲಿತವನು ಹಿಡಿಯ ತುದಿಯು ಆ ಬೆರಳಿಗೆ ಸರಿಯಾಗಿ ಬರಲೆಂದು ಇಡೀ ಬ್ರೇಕನ್ನು ಹ್ಯಾಂಡಲ್ಲಿನ ನಡುವಿನ ಕಡೆಗೆ ಸರಿಸುತ್ತಾನೆ, ಜೋಡಿಹಿಡಿಯಲ್ಲಿ ಅದರ ಸಂಗಡ ಗೇರಿನ ಗುಂಡಿಗಳೂ ಹೆಬ್ಬೆರಳಿಗೆ ಎಟುಕದಷ್ಟು ದೂರ ಹೋಗಿಬಿಡುತ್ತವೆ. ಇದರ ನಡುವೆ ಎಡಗೈಯ ಗೇರೇ ಮಾಯವಾಯಿತು. 2012ರಲ್ಲಿ ಮುಂದಿನ ಹಲ್ಲುಚಕ್ರವನ್ನು ಒಂದೇ ಒಂದಕ್ಕೆ ಇಳಿಸಿ, ಹಿಂದೆ 11 ಚಕ್ರಗಳನ್ನಿಟ್ಟ ಸ್ರ್ಯಾಮಿನ ವ್ಯವಸ್ಥೆ ಬಂದ ತರುವಾಯ ಎಡ ಹೆಬ್ಬೆರಳಿಗೆ ನಿರುದ್ಯೋಗವುಂಟಾಗಿ, ಆ ಖಾಲಿ ಜಾಗಕ್ಕೆ ಸೀಟನ್ನು ಇಳಿಸಿ ಏರಿಸುವ ಲಿವರು ಬಂದು ಕುಳಿತಿದೆ. ಎಡದ ಜೋಡಿಹಿಡಿ ಉಳಿದಿದ್ದರೆ ಈ ಹೊಸಬನಿಗೆ ಸ್ಥಳವೆಲ್ಲಿತ್ತು?

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಜೋಡಿಹಿಡಿಯು ಲೋಕದಿಂದ ತೊಲಗಿತೆಂದು ತಿಳಿಯಬಾರದು. ದುಬಾರಿ ಸೈಕಲ್ಲುಗಳನ್ನು ಬಿಟ್ಟು ಅದು ಅಗ್ಗದ ಸೈಕಲ್ಲುಗಳಿಗೆ ಇಳಿದು ಬಂದಿದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಅಂಗಡಿಗಳಲ್ಲಿ ಮೊದಲ ಗೇರಿನ ಸೈಕಲ್ಲೆಂದು ತಾಯಿತಂದೆಗಳು ಮಕ್ಕಳಿಗೆ ಕೊಡಿಸುವ, ಹಿಂದೆ 7 ಅಥವಾ 8, ಮುಂದೆ 3 ಹಲ್ಲುಚಕ್ರಗಳ ಸೈಕಲ್ಲುಗಳಲ್ಲಿ ಇಂಥ ಹಿಡಿಗಳನ್ನು ನೋಡಬಹುದು. ಅಲ್ಲಿ ಅದಕ್ಕೆ ನ್ಯಾಯವಿಲ್ಲವೆಂದು ನಾನು ಹೇಳುವುದಿಲ್ಲ. ಬೆಂಗಳೂರಿನ ತುರಹಳ್ಳಿ ಕಾಡಿನ ಬಂಡೆಗಳ ಮೇಲೆ ಹಾರುವ ಹವ್ಯಾಸವಿಲ್ಲದೆ, ಶಾಲೆಗೂ ಟ್ಯೂಷನ್ನಿಗೂ ಹೋಗಿಬರುವ ಹುಡುಗನಿಗೆ ಬ್ರೇಕನ್ನು ಬೇರೆಡೆಗೆ ಸರಿಸಬೇಕಾದ ಪ್ರಸಂಗ ಬರುವುದಿಲ್ಲ. ಅಗ್ಗದ ಕೇಬಲ್ ಬ್ರೇಕನ್ನು ತೆಗೆದು ಎಣ್ಣೆಬ್ರೇಕು ಹಾಕಿಸಬೇಕೆಂಬ ಚಪಲ ಹುಟ್ಟುವ ಹೊತ್ತಿಗೆ ಅವನು ಆ ಸೈಕಲ್ಲಿಗಿಂತ ಎತ್ತರ ಬೆಳೆದಿರುತ್ತಾನೆ. ನನ್ನ ಆಕ್ಷೇಪ ಇರುವುದು ಒಂದೇ: ಯಾರ ಜೇಬು ಚಿಕ್ಕದೋ ಅವರ ಪಾಲಿಗೇ, ಒಂದು ಕೆಟ್ಟರೆ ಎರಡನ್ನು ಕೊಳ್ಳಬೇಕಾದ ವಸ್ತು ಬಂದಿದೆ. ಹೊಸದಾಗಿ ಕೊಳ್ಳುವವರು ಹ್ಯಾಂಡಲ್ಲಿನ ಬಳಿ ಬಾಗಿ, ಪಟ್ಟಿಗಳು ಒಂದೋ ಎರಡೋ ಎಂದು ಎಣಿಸಿ ನೋಡುವುದು ಒಳ್ಳೆಯದು. ಎರಡಿದ್ದರೆ ನೂರಿನ್ನೂರು ಹೆಚ್ಚಾದರೂ ಚಿಂತೆಯಿಲ್ಲ.

ಸೋದರಳಿಯನ ಸೈಕಲ್ಲನ್ನು ಮರೆತಿಲ್ಲ. ಹೊಸ ಹಿಡಿಗೆ ಹಣ ಕೊಡುವುದಕ್ಕೆ ಮುಂಚೆ ಇನ್ನೊಂದು ಕಡೆ ತೋರಿಸೋಣವೆಂದು, ಮಾರುಕಟ್ಟೆಯ ಹಿಂದಣ ಓಣಿಯಲ್ಲಿ ಮರದಡಿಯಲ್ಲಿ ಪಂಕ್ಚರು ಹಾಕುವ ವೃದ್ಧರೊಬ್ಬರ ಬಳಿಗೆ ಇಬ್ಬರೂ ತಳ್ಳಿಕೊಂಡು ಹೋದೆವು. ಅವರು ಗುಂಡಿಯನ್ನು ನಾಲ್ಕೈದು ಸಲ ಒತ್ತಿ, ಕಿವಿಗೊಟ್ಟು ಕೇಳಿ, “ಮುರಿದಿಲ್ಲ ಸ್ವಾಮಿ, ನಿದ್ದೆ ಮಾಡ್ತಾ ಇದೆ” ಎಂದರು. ಸಂಗತಿ ಇಷ್ಟೆ: ಕಾರ್ಖಾನೆಯಲ್ಲಿ ಹಚ್ಚಿ ಕಳುಹಿಸಿದ ಗ್ರೀಸು, ಸೈಕಲ್ಲು ವರ್ಷಗಟ್ಟಲೆ ನಿಂತಲ್ಲಿಯೇ ನಿಂತಾಗ, ಒಣಗಿ ಮೇಣದಂತಾಗುತ್ತದೆ, ಆಗ ಹಲ್ಲಿಗೆ ಬಂದು ಕೂರಬೇಕಾದ ನಾಲಗೆ ಅದರಲ್ಲಿ ಅಂಟಿಕೊಂಡು, ಆ ಕೂದಲೆಳೆಯ ಸ್ಪ್ರಿಂಗಿಗೆ ಅದನ್ನು ಎಬ್ಬಿಸುವ ಶಕ್ತಿ ಸಾಲದೆ, ಗುಂಡಿಯು ಗಾಳಿಯನ್ನು ಒತ್ತಿದಂತೆ ಒಳಕ್ಕೆ ಹೋಗಿ ಬರುತ್ತದೆ. ಮರಿನ್ ಗುಡ್ಡದವರ ಗ್ರೀಸು ಕಾಯ್ದು ಹೊಗೆಯಾಯಿತು. ನಮ್ಮದು ಮೆಟ್ಟಿಲ ಕೆಳಗೆ ತಣ್ಣಗೆ ಹೆಪ್ಪುಗಟ್ಟಿತು. ವೃದ್ಧರು ಮೇಲಿನ ಮುಚ್ಚಳದ ಎರಡು ತಿರುಪುಗಳನ್ನು ಬಿಚ್ಚಿ, ಸಿರಿಂಜಿನಿಂದ ಸೀಮೆಎಣ್ಣೆಯನ್ನು ಒಳಗೆ ಚಿಮ್ಮಿಸಿ, ಗುಂಡಿಯನ್ನು ಒತ್ತುತ್ತಲೇ ಇರುವಂತೆ ಹುಡುಗನಿಗೆ ಹೇಳಿ, ತಾವು ಇನ್ನೊಬ್ಬರ ಪಂಕ್ಚರಿಗೆ ಹೊರಟರು. ಕಂದು ಬಣ್ಣದ ದ್ರವ ತೊಟತೊಟನೆ ತೊಟ್ಟಿಕ್ಕಿತು. ಅರವತ್ತೋ ಎಪ್ಪತ್ತೋ ಸಲ ಒತ್ತಿದ ಮೇಲೆ ಒಳಗಿನಿಂದ ಒಂದು ಸಣ್ಣ ಟಿಕ್ ಕೇಳಿಸಿತು. ಹುಡುಗ ತಲೆಯೆತ್ತಿ ನನ್ನನ್ನು ನೋಡಿದನು. ಮತ್ತೆ ಒತ್ತಿದನು, ಮತ್ತೆ ಟಿಕ್. ವೃದ್ಧರು ಅಲ್ಲಿಂದಲೇ, ತಲೆಯೆತ್ತದೆ, “ಇನ್ನು ಎರಡು ತೊಟ್ಟು ಹೊಲಿಗೆ ಮಿಷನ್ ಎಣ್ಣೆ ಬಿಡು. ಜಾಸ್ತಿ ಬಿಡಬೇಡ, ಬ್ರೇಕ್ ರಬ್ಬರಿಗೆ ಇಳಿದೀತು” ಎಂದು ಕೂಗಿದರು.